ಅಕ್ಕ ಮುಟ್ಟಬಾರದ ಹಣ್ಣು

ನನ್ನ ಕುಬಸಕ್ಕೆ ಅಕ್ಕ ಬರಬಹುದು, ಉಣ್ಣಬಹುದು, ಅಡುಗೆಗೆ ಕೈ ಹಚ್ಚಬಹುದು, ಆದರೆ ಹಣ್ಣು ಮಾತ್ರ ಮುಟ್ಟಬಾರದು ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು, ಹೆಗಲಲ್ಲಿ ಕಾಲೇಜಿನ ಬ್ಯಾಗು, ನೆತ್ತಿಯ ಮೇಲೆ ನಮ್ಮ ಜಿಲ್ಲೆಯ ಬಿಸಿಲು. ಸಿಟ್ಟು ಬರಲು ಇನ್ನೇನು ಬೇಕು?

"ಅತ್ತೀ, ಆಕಿ ನನಗ ಬರೇ ಅಕ್ಕ ಅಲ್ಲ. ಅವ್ವ ಇದ್ದಂಗ," ಅಂದೆ.

"ಗೊತ್ತದ ಯವ್ವಾ. ನಾ ಏನ್ ಬರಬ್ಯಾಡ ಅಂದೀನೇನು? ಉಡಿ ತುಂಬೂದು ಮುತ್ತೈದೇರು ಮಾಡ್ಲಿ ಅಂದೆ, ಅಷ್ಟ. ಹಿರೇಕೊಟ್ನೆಕಲ್ಲಿಂದ ನಿಮ್ಮ ಚಿಕ್ಕವ್ವ ಬರ್ತಾಳ. ತವರಮನಿ ಕಡಿಂದ ಆಕಿನೇ ತುಂಬ್ತಾಳ."

ಅಷ್ಟರಲ್ಲಿ ಬಸ್ಸು ಬಂತು. ಬರದೇ ಇದ್ದಿದ್ದರೆ ಅತ್ತೆಗೆ ಅವತ್ತು ನನ್ನ ಬಾಯಿಂದ ಏನೇನು ಕೇಳಬೇಕಾಗಿತ್ತೋ.

ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ತವರಿನವರು ಹಸಿರು ಸೀರೆ, ಬಳೆ, ಬುತ್ತಿ, ಐದು ತರದ ಹಣ್ಣು ಹೊತ್ತುಕೊಂಡು ಗಂಡನ ಮನೆಗೆ ಬರುತ್ತಾರೆ. ಬಸುರಿಯನ್ನು ಕೂರಿಸಿ, ಸೆರಗು ಹಿಡಿಸಿ ಉಡಿ ತುಂಬುತ್ತಾರೆ. ಮೊದಲು ಅಕ್ಕಿ, ಆಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಕುಬಸದ ಬಟ್ಟೆ, ಎಲ್ಲದರ ಮೇಲೆ ಹಣ್ಣು. ತುಂಬುವವರು ಗಂಡ ಬದುಕಿರುವ ಹೆಂಗಸರೇ ಆಗಿರಬೇಕು. ಅವ್ವ ಅಪ್ಪ ಇಬ್ಬರೂ ಇಲ್ಲದ ನನ್ನ ತವರು ಅಂದರೆ ಅಕ್ಕ ಒಬ್ಬಳೇ, ಅವಳ ಗಂಡ ಜ್ವರ ಬಂದು ಸತ್ತು ಎಷ್ಟೋ ವರ್ಷವಾಯಿತು. ನನ್ನ ಇಡೀ ತವರಿಗೆ ನೀನು ಹಿತ್ತಲಲ್ಲಿ ಕೂತುಕೋ ಅಂದ ಹಾಗಾಯಿತು.

ನಮ್ಮ ಅವ್ವ ನನ್ನನ್ನು ಹೆತ್ತ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕುರ್ಡಿಯ ನಮ್ಮ ಮನೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗಿ ಹೋದಳು, ಗಂಡನನ್ನು ಕಳಕೊಂಡು ಅದೇ ಮನೆಗೆ ತಿರುಗಿ ಬಂದಳು. ಮೆಣಸಿನಕಾಯಿ ಹರಿಯಲು, ಹತ್ತಿ ಬಿಡಿಸಲು ಕೂಲಿಗೆ ಹೋದಳು, ನನ್ನನ್ನು ರಾಯಚೂರಿನ ಹಾಸ್ಟೆಲಿನಲ್ಲಿಟ್ಟು ಎಂಎಸ್ಸಿ ಓದಿಸಿದಳು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ರೊಟ್ಟಿಯ ಗಂಟು ತರುತ್ತಿದ್ದಳು. ಒಳಗೆ ಬಾರೆಂದರೆ ಬರುತ್ತಿರಲಿಲ್ಲ, ಗೇಟಿನ ಹತ್ತಿರವೇ ನಿಂತು ನನ್ನ ತಲೆಯ ಹೇನು ನೋಡಿ ಹೋಗುತ್ತಿದ್ದಳು. ಈಗ ನಾನು ದೇವದುರ್ಗದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ವಾರವೆಲ್ಲ ಅಲ್ಲಿ ಬಾಡಿಗೆ ಮನೆ, ಶನಿವಾರ ಮಾನ್ವಿಯ ಗಂಡನ ಮನೆ.

ಆ ಮನೆ ಇಂಥದ್ದನ್ನು ನಂಬುವ ಮನೆ ಅಂತ ಯಾರೂ ಹೇಳುವುದಿಲ್ಲ, ಅದೇ ತಮಾಷೆ. ಶೋಕೇಸಿನಲ್ಲಿ ಬುದ್ಧ ಕಣ್ಣು ಮುಚ್ಚಿ ಕೂತಿದ್ದಾನೆ. ಮಾವ ರಿಟೈರಾದ ಮೇಷ್ಟರು, ಯಾವ ಸಭೆಯಲ್ಲಿ ಮೈಕು ಸಿಕ್ಕರೂ ಮೂಢನಂಬಿಕೆಯ ಚರ್ಮ ಸುಲಿಯುತ್ತಾರೆ. ಆದರೆ ಹೆಂಗಸರ ಶಾಸ್ತ್ರದ ಮಾತು ಬಂದರೆ ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ನನ್ನ ಗಂಡನೂ ಅಪ್ಪನ ಮಗನೇ.

"ಒಂದ್ ದಿನದ ಮಾತು, ಬಿಟ್ಟ ಬಿಡು. ಹೋದ ಸಲ ಹಂಗಾತಲ್ಲ, ಅವ್ವಗ ಅಂಜಿಕಿ ಅದ," ಅಂದ.

ಹೋದ ಸಲ ಅಂದದ್ದು ನನ್ನ ಮೊದಲ ಬಸುರು. ಅದು ಮೂರು ತಿಂಗಳಿಗೇ ಹೋಯಿತು. ಅದಕ್ಕೆ ಮುಂಚೆ ಅಕ್ಕ ನನ್ನನ್ನು ನೀರಮಾನ್ವಿ ಎಲ್ಲಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದಳು. ಬರುವಾಗ ದಾರಿಯಲ್ಲಿ ಪೇರಲಹಣ್ಣು ಕೊಂಡು, ಖುಷಿಯಲ್ಲಿ ತಾನೇ ನನ್ನ ಸೆರಗು ಎಳೆದು ಅದರಲ್ಲಿ ಸುರಿದಿದ್ದಳು. ಅದಾದ ವಾರದೊಳಗೆ ನಾನು ರಾಯಚೂರಿನ ಆಸ್ಪತ್ರೆಯ ಮಂಚದ ಮೇಲಿದ್ದೆ. ಇದು ಎಷ್ಟೋ ಜನರಿಗೆ ಆಗುತ್ತದೆ, ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಆದರೆ ವಾರ್ಡಿನ ಹೊರಗೆ ಕೂತಿದ್ದ ಯಾರೋ ಒಬ್ಬ ಪುಣ್ಯಾತ್ಗಿತ್ತಿ ಅಕ್ಕನನ್ನು ಕೇಳಿದ್ದಳಂತೆ: "ಗಂಡ ಇಲ್ಲದಾಕಿ ನೀ, ಬಸರಿಗೆ ಯಾಕ ಉಡಿ ತುಂಬಾಕ ಹೋದಿ?"

ಆ ದಿನದಿಂದ ಅಕ್ಕ ನನ್ನ ಕೈಗೆ ಏನನ್ನೂ ಕೊಡುವುದಿಲ್ಲ. ನೀರಿನ ಚೆಂಬನ್ನೂ ಕೊಡುವುದಿಲ್ಲ. ಕಟ್ಟೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ, ನಾನೇ ಎತ್ತಿಕೊಳ್ಳಬೇಕು. ಮೊದಮೊದಲು ನಾನು ಬೈದೆ, ಅತ್ತು ಕರೆದೆ, ಚೆಂಬನ್ನು ಒದ್ದೂ ನೋಡಿದೆ. ಒದ್ದ ಚೆಂಬನ್ನು ತೊಳೆದು ಮತ್ತೆ ನೀರು ತುಂಬಿ ಅದೇ ಕಟ್ಟೆಯ ಮೇಲೆ ಇಟ್ಟಳು. ಅತ್ತೆಯ ಮಾತು ನನಗೆ ಅಷ್ಟೊಂದು ಉರಿದದ್ದು ಇದಕ್ಕೇ. ಹಣ್ಣಿನ ತಟ್ಟೆ ಹಾಳಾಗಿ ಹೋಗಲಿ. ನನ್ನ ಅಕ್ಕ ತನ್ನ ಕೈಯೇ ಕೂಸನ್ನು ಕೊಂದಿತು ಅಂತ ನಂಬಿದ್ದಳು, ಈಗ ಎಲ್ಲರೂ ಸೇರಿ ಹೌದು ಹೌದು ಅನ್ನಲು ಹೊರಟಿದ್ದರು.

ಆ ವಾರ ಕಾಲೇಜಿನಲ್ಲಿ ನಾನು ಮಾಡಬೇಕಾಗಿದ್ದ ಪಾಠ ಹಣ್ಣಿನ ಬಗೆಗಳದ್ದೇ. ಮನೆಯಿಂದ ಒಂದೊಂದು ಹಣ್ಣು ತನ್ನಿ ಅಂದಿದ್ದೆ. ಬಂದು ನೋಡಿದರೆ ಮೇಜಿನ ಮೇಲೆ ನಾಲ್ಕು ಬಾಳೆಹಣ್ಣು, ಅದರಲ್ಲೂ ಒಂದು ಅರ್ಧ ತಿಂದದ್ದು.

"ಉಳಿದವರು ಯಾಕೆ ತರಲಿಲ್ಲ?" ಎಂದು ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮ ಮನ್ಯಾಗ ಹಣ್ಣ ಇಲ್ರಿ. ಯಾರಿಗರ ಜಡ್ಡಾದ್ರ ಅಷ್ಟ ತರ್ತಾರ್ರಿ."

ಯಾರೂ ನಗಲಿಲ್ಲ. ನನ್ನ ಮನೆಯಲ್ಲೂ ಹಾಗೇ ಇತ್ತು. "ಮತ್ತೇನದ ನಿಮ್ಮ ಮನ್ಯಾಗ?" ಅಂತ ನಾನೂ ಅವಳ ಮಾತಿಗೇ ಇಳಿದೆ.

"ಹತ್ತಿ ಅದರಿ. ತೊಗರಿ, ಜ್ವಾಳ. ಒಣಮೆಣಸಿನಕಾಯಿ."

"ಅವೆಲ್ಲ ಹಣ್ಣೇ," ಅಂದೆ. ತರಗತಿ ನನ್ನನ್ನು ಬಿಸಿಲು ಬಡಿದವಳ ಹಾಗೆ ನೋಡಿತು.

ಪಠ್ಯಪುಸ್ತಕದ ಸೇಬಿನ ಚಿತ್ರ ಮುಚ್ಚಿಟ್ಟು ಬೋರ್ಡಿನ ಮೇಲೆ ಒಂದು ಹೂವು ಬರೆದೆ. ಹೂವಿನ ಬುಡದಲ್ಲಿ ಅಂಡಾಶಯ ಅಂತ ಒಂದು ಪುಟ್ಟ ಚೀಲವಿರುತ್ತದೆ, ಅದರೊಳಗೆ ಬೀಜವಾಗುವ ಅಂಡಗಳಿರುತ್ತವೆ. ಪರಾಗ ಬಂದು ಅಂಡ ಫಲಿಸಿದ ಮೇಲೆ ಎಸಳು ಉದುರಿ ಬೀಳುತ್ತದೆ, ಚೀಲ ಬಲಿಯುತ್ತದೆ. ಬಲಿತ ಆ ಚೀಲವೇ ಹಣ್ಣು. ಸಿಹಿ ಇರಬೇಕು ಅಂತಿಲ್ಲ, ಅಂಗಡಿಯಲ್ಲಿ ಸಿಗಬೇಕು ಅಂತಿಲ್ಲ, ದೇವರ ಮುಂದೆ ಇಡುವಂತಿರಬೇಕು ಅಂತಲೂ ಇಲ್ಲ. ಚೀಲದ ಗೋಡೆಯೆಲ್ಲ ಮೆತ್ತಗಾಗಿ ಒಳಗೆ ಬೀಜ ಹುದುಗಿದ್ದರೆ ಅದು ಬೆರ್ರಿ: ಬಾಳೆ, ದ್ರಾಕ್ಷಿ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ. ನಡುವೆ ಗಟ್ಟಿ ಓಟೆ ಇದ್ದರೆ ಡ್ರೂಪ್: ಮಾವು, ಬೋರೆಹಣ್ಣು, ತೆಂಗು. ಒಣಗಿ ಸಿಡಿದು ಬೀಜ ಚೆಲ್ಲುವುವು ಬೇರೆ: ತೊಗರಿಯ ಕಾಯಿ ಒಂದು ಬಗೆ, ಹತ್ತಿಕಾಯಿ ಇನ್ನೊಂದು ಬಗೆ. ಸಿಡಿಯದೆ ಇಡಿಯಾಗಿ ಉದುರುವುವು ಬೇರೆ. ಜೋಳ, ಭತ್ತ, ಸಜ್ಜೆಗಳಲ್ಲಿ ಹಣ್ಣಿನ ಗೋಡೆ ಬೀಜಕ್ಕೆ ಎಷ್ಟು ಬಿಗಿಯಾಗಿ ಅಂಟಿರುತ್ತದೆ ಅಂದರೆ ನಾವು ಅದನ್ನು ಕಾಳು ಅಂತ ಕರೆದು ಮರೆತೇಬಿಟ್ಟಿದ್ದೇವೆ. ಒಂದೊಂದು ಜೋಳದ ಕಾಳೂ ಒಂದೊಂದು ಹಣ್ಣು.

"ಅಂದ್ರ ನಾವು ದಿನಾ ಹಣ್ಣಿನ ರೊಟ್ಟಿ ತಿನ್ನಾಕತ್ತೀವೇನ್ರಿ ಮೇಡಂ?" ಅಂತ ಹಿಂದಿನಿಂದ ಒಬ್ಬ ಕೇಳಿದ. ಈ ಸಲ ಎಲ್ಲರೂ ನಕ್ಕರು, ನಾನೂ ನಕ್ಕೆ.

"ಹೌದು. ನೀವು ತರಲಾಗದೆ ನಾಚಿಕೊಂಡ ಸೇಬು ಇದೆಯಲ್ಲ, ಅದು ಸುಳ್ಳು ಹಣ್ಣು," ಅಂದೆ. ಹುಡುಗರು ಇನ್ನೂ ಜೋರಾಗಿ ನಕ್ಕರು. ತಮಾಷೆಗೆ ಹೇಳಿದ್ದಲ್ಲ, ಶಾಸ್ತ್ರದಲ್ಲಿ ಅದಕ್ಕೆ ಅದೇ ಹೆಸರು. ಸೇಬಿನಲ್ಲಿ ನಾವು ಕಚ್ಚಿ ತಿನ್ನುವುದು ಅಂಡಾಶಯವಲ್ಲ, ಅದರ ಸುತ್ತ ಉಬ್ಬಿದ ಹೂವಿನ ಬುಡ. ನಿಜವಾದ ಹಣ್ಣು ಒಳಗಿನ ದಿಂಡು, ಅದನ್ನು ಎಸೆಯುತ್ತೇವೆ. ಸೀತಾಫಲ ಹೇಗೆ ಒಂದೇ ಹೂವಿನ ಹಲವು ಅಂಡಾಶಯಗಳು ಕೂಡಿ ಆದ ಹಣ್ಣು, ಹಲಸು ಹೇಗೆ ಹೂಗಳ ಇಡೀ ಗೊಂಚಲೇ ಕೂಡಿ ಆದ ಹಣ್ಣು ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ನನ್ನ ತಲೆಯಲ್ಲಿ ಬೇರೆಯದೇ ಕುದಿಯುತ್ತಿತ್ತು. ಅಕ್ಕ ಹಣ್ಣು ಮುಟ್ಟಬಾರದಂತೆ! ಹುಟ್ಟಿದಾಗಿನಿಂದ ಅವಳು ಮುಟ್ಟಿದ್ದೆಲ್ಲ ಏನಾಗಿತ್ತು?

ಕುಬಸಕ್ಕೆ ಮುಂಚಿನ ಭಾನುವಾರ ಕುರ್ಡಿಗೆ ಹೋದೆ. ಅಕ್ಕ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಅಕ್ಕಾ, ನೀ ಉಡಿ ತುಂಬಲಿಲ್ಲ ಅಂದ್ರ ನಾ ಕೂಡಂಗಿಲ್ಲ."

"ಚಿಕ್ಕವ್ವಗ ಹೇಳೀನಿ. ಆಕಿ ತುಂಬ್ತಾಳ."

"ಚಿಕ್ಕವ್ವ ನನ್ನ ಹೇನು ಹೆಕ್ಕ್ಯಾಳೇನು?"

ಅಕ್ಕ ಮೊರ ನಿಲ್ಲಿಸಲಿಲ್ಲ. "ಲೇ ಹುಚ್ಚಿ, ಹಟ ಮಾಡಬ್ಯಾಡ. ನಿಂಗ ಓದು ಅದ, ನೌಕರಿ ಅದ. ಏನರ ಆದ್ರ ಹತ್ತ ಮಂದಿ ನಿಂಗ ಸಮಾಧಾನ ಹೇಳ್ತಾರ. ನಂಗ್ಯಾರು ಹೇಳ್ತಾರ? ಊರೆಲ್ಲ ನನ್ನ ಕೈ ನೋಡ್ತದ."

"ಊರಿಗೆ ಬೆಂಕಿ ಬೀಳ್ಲಿ."

"ಊರು ಬಿಡು. ನಾ ನೋಡ್ತೀನಲ್ಲ ದಿನಾ, ನನ್ನ ಕೈನ," ಅಂದಳು.

ಹೊರಡುವಾಗ ಜೋಳದ ಹಿಟ್ಟು, ತೊಗರಿಬೇಳೆ, ಖಾರದ ಪುಡಿ, ಶೇಂಗಾ ಎಲ್ಲ ಕಟ್ಟಿ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದಳು. ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟಿನ ಅಳು ಅದು.

ಕುಬಸದ ದಿನ ಮಾನ್ವಿಯ ಮನೆಯ ತುಂಬ ಜನ. ಪಡಸಾಲೆಯಲ್ಲಿ ಕುರ್ಚಿಗೆ ಹೂವಿನ ಸಿಂಗಾರ, ಹಿಂದೆ ಬಲೂನು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ನನ್ನನ್ನು ಕೂರಿಸಿದರು. ಮುಂದಿನ ಟೀಪಾಯಿಯ ಮೇಲೆ ಅತ್ತೆಯ ಹಣ್ಣಿನ ತಟ್ಟೆ. ತವರಿನ ಹಣ್ಣು ಅಕ್ಕನ ಕೈಯಿಂದ ಬರಬಾರದೆಂದು ಮಗನನ್ನು ರಾಯಚೂರಿನ ತೀನ್ ಕಂದೀಲ್ ಮಾರ್ಕೆಟ್ಟಿನ ತನಕ ಅಟ್ಟಿ ತರಿಸಿದ್ದರು. ಬಾಳೆ, ದ್ರಾಕ್ಷಿ, ಮೋಸಂಬಿ, ದಾಳಿಂಬೆ, ಸೇಬು. ಪೇರಲ ಇರಲಿಲ್ಲ. ಮರೆತು ಬಿಟ್ಟದ್ದಲ್ಲ ಅಂತ ನನಗೆ ಗೊತ್ತಿತ್ತು.

ಅಕ್ಕ ಬಂದಿದ್ದಳು. ತವರಿನ ಬುತ್ತಿ, ಸೀರೆ ಎಲ್ಲ ಅವಳದೇ. ಆದರೆ ಬಾಗಿಲಲ್ಲೇ ಚಿಕ್ಕವ್ವನ ಕೈಗೆ ದಾಟಿಸಿ, ಬಗ್ಗಿಕೊಂಡು ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದದ್ದನ್ನು ಕಿಟಕಿಯಲ್ಲಿ ನೋಡಿದೆ.

ಚಿಕ್ಕವ್ವ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ನಿಂತಳು. "ಸೆರಗ ಹಿಡಿ ಯವ್ವಾ."

ನಾನು ಹಿಡಿಯಲಿಲ್ಲ. "ಅಕ್ಕಿ ಯಾರು ಹಸನ ಮಾಡಿದ್ರು?" ಅಂದೆ.

ಚಿಕ್ಕವ್ವ ಅತ್ತೆಯ ಮುಖ ನೋಡಿದಳು. "ನಿಮ್ಮಕ್ಕ ಹಿತ್ಲಾಗ ಮಾಡಾಕತ್ತಾಳ, ಈಗ ತರ್ತಾರ," ಅಂದರು ಅತ್ತೆ.

"ಉಡಿ ಅಕ್ಕಿ ಆಕಿ ಮುಟ್ಟಿದ್ರ ನಡೀತದ?"

"ಅಕ್ಕಿ ಬ್ಯಾರೆ, ಹಣ್ಣ ಬ್ಯಾರೆ. ಮಂದಿ ನೋಡಾಕತ್ತಾರ, ಸುಮ್ಕ ಕೂಡು ಯವ್ವಾ."

"ಅತ್ತೀ, ಅಕ್ಕಿನೂ ಹಣ್ಣೇ. ಈ ಕೊಬ್ರಿ, ಉತ್ತತ್ತಿ, ಅಡಕಿ ಎಲ್ಲಾ ಹಣ್ಣಿಂದು. ಕುಬಸದ ಅರಿವಿ ಸುದ್ದಾ ಹತ್ತಿ ಹಣ್ಣಿನಾಗಿಂದು. ನಿಮ್ಮ ಉಡಿಯಾಗ ಹಣ್ಣಲ್ಲದ್ದು ಅಂದ್ರ ಅರಿಷಿಣ ಕೊಂಬು ಒಂದ. ಆಕಿ ಅದನ್ನಷ್ಟ ಮುಟ್ಟಬೇಕಾಗಿತ್ತು ನೋಡ್ರಿ!"

ಮಾವ ಪೇಪರು ಕೆಳಗಿಳಿಸಿದರು. "ಆಕಿ ಹೇಳೂದು ವೈಜ್ಞಾನಿಕವಾಗಿ ಬರೋಬ್ಬರಿ ಅದ," ಅಂದರು. ಅತ್ತೆ ಒಮ್ಮೆ ತಿರುಗಿ ನೋಡಿದರು, ಪೇಪರು ಮತ್ತೆ ಮೇಲೇರಿತು.

ಅತ್ತೆ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಮಾತಾಡಿದರು. ಅವರ ಕಣ್ಣಲ್ಲಿ ನೀರಿತ್ತು. "ನಂಗ ನಿಮ್ಮಕ್ಕನ ಮ್ಯಾಲ ಸಿಟ್ಟಿಲ್ಲ ಯವ್ವಾ. ನಂಗ ಈ ಕೂಸು ಬೇಕು."

"ನಂಗೂ ಬೇಕು," ಅಂದೆ. "ನಂಗೂ ಅಂಜಿಕಿ ಅದ. ಆದ್ರ ಅಕ್ಕನ್ನ ಹಿತ್ಲಾಗ ಕೂಡಿಸಿದ್ರ ಅಂಜಿಕಿ ಹೋಗ್ತದೇನು?"

ಉತ್ತರಕ್ಕೆ ಕಾಯಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಹೂವಿನ ಕುರ್ಚಿ ಬಿಟ್ಟೆದ್ದು, ಅಡುಗೆಮನೆ ದಾಟಿ ಹಿತ್ತಲಿಗೆ ನಡೆದೆ. ಹಿಂದೆ ಹೆಂಗಸರ ಗುಜುಗುಜು, ಬಳೆಗಳ ಸದ್ದು. ಗಂಡ "ಏ, ಎಲ್ಲಿಗಿ?" ಅಂದ. ಬೇಕಾದರೆ ಬಂದು ನೋಡಲಿ ಅಂತ ತಿರುಗಲೂ ಇಲ್ಲ.

ಅಕ್ಕ ನೀರಿನ ತೊಟ್ಟಿಯ ಪಕ್ಕ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಊಟಕ್ಕೆ ಹೆಚ್ಚಬೇಕಾದ ಕಾಯಿಪಲ್ಲೆ. ನಾನು ಅವಳೆದುರು ನೆಲದ ಮೇಲೆ, ಸಿಪ್ಪೆಗಳ ನಡುವೆ ಕೂತೆ. ಆ ಹೊಟ್ಟೆಯಲ್ಲಿ ಕೂರುವುದೇ ಒಂದು ದೊಡ್ಡ ಕೆಲಸ. ಸೆರಗು ಹರವಿ ಹಿಡಿದೆ.

"ಏಳ ಬೇ! ಹೊಸಾ ಸೀರಿ!" ಅಕ್ಕ ಗಾಬರಿಯಾದಳು. ಎಬ್ಬಿಸಲು ಕೈ ಚಾಚಿದವಳು ನಡುವೆಯೇ ಹಿಂದೆಳೆದುಕೊಂಡಳು.

"ತುಂಬು."

"ಹಣ್ಣು ಒಳಗವ. ಒಳಗ ಹೋಗು, ನಿನ್ನ ಕಾಲಿಗೆ ಬೀಳ್ತೀನಿ."

"ಒಳಗಿನ ಹಣ್ಣ ನಂಗ ಬ್ಯಾಡ. ಅಲ್ಲಿ ಬಾಳಿ, ದ್ರಾಕ್ಷಿ ಒಂದ ಬಗಿ, ಸೇಬು ಹಣ್ಣ ಅಲ್ಲೇ ಅಲ್ಲ. ನಿನ್ನ ಹಂತ್ಯಾಕ ಐದು ತರದ್ದೂ ಅದಾವ. ಬದ್ನಿಕಾಯಿ ಒಂದು. ಹೀರಿಕಾಯಿ ಒಂದು. ಬೆಂಡಿಕಾಯಿ, ಚವಳಿಕಾಯಿ. ಐದನೇದು ನಿನ್ನ ಮೊರದಾಗಿನ ಅಕ್ಕಿ. ಎಲ್ಲಾ ಹೂವಿನ ಹೊಟ್ಟಿಯಾಗಿಂದ ಬಂದ ಹಣ್ಣು. ನಾ ಇದನ್ನ ಪಾಠ ಮಾಡಿ ಸಂಬಳ ತಗೊಳ್ಳಾಕಿ, ನಂಗ ಸುಳ್ಳ ಹೇಳಾಕ ಬರಂಗಿಲ್ಲ."

"ಅವು ಪಲ್ಲೆ," ಅಂದಳು ಅಕ್ಕ.

ಹಿತ್ತಲ ಬಾಗಿಲಲ್ಲಿ ಅತ್ತೆ, ಚಿಕ್ಕವ್ವ, ಅವರ ಹಿಂದೆ ಇನ್ನೂ ಯಾರ್ಯಾರೋ ಬಂದು ನಿಂತಿದ್ದರು. ನಾನು ಸೆರಗು ಬಿಡಲಿಲ್ಲ. ಕೈ ಸೋಲುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು, ಆದರೂ ಬಿಡಲಿಲ್ಲ.

"ಅಕ್ಕಾ, ಇಲ್ಲಿ ಕೇಳು. ಈ ಏಳು ತಿಂಗಳು ನಾ ಏನ್ ಉಂಡೀನಿ? ನೀ ಬೀಸಿದ ಜ್ವಾಳ. ನೀ ಕೇರಿದ ತೊಗರಿ. ನೀ ಹರದು ಕುಟ್ಟಿದ ಖಾರ, ನೀ ಸುಲಿದ ಶೇಂಗಾ. ನೀ ಅವನ್ನ ಕಟ್ಟಿ ಮ್ಯಾಲ ಇಟ್ಟು ದೂರ ನಿಂತಿ, ನಾ ಎತ್ತಿಕೊಂಡು ಉಂಡೆ. ಈ ಕೂಸಿನ ಮೈಯಾಗಿಂದು ಎಲ್ಲಾ ಹಣ್ಣಿಂದ ಆಗ್ಯದ, ಆ ಹಣ್ಣೆಲ್ಲಾ ನಿನ್ನ ಕೈಯಾಗಿಂದು. ದಿನಾ ಒದಿಯಾಕತ್ತದ, ಬೇಕಾದ್ರ ಮುಟ್ಟಿ ನೋಡು. ನಿನ್ನ ಕೈಯಾಗ ಏನರ ಇದ್ದಿದ್ರ ಇದು ಇಷ್ಟ ದಿನ ಉಳೀತಿತ್ತೇನು?"

ಅಕ್ಕ ಬುಟ್ಟಿಯನ್ನೇ ನೋಡುತ್ತ ಕೂತಳು.

"ಜ್ವಾಳಾನೂ ಹಣ್ಣೇನು?"

"ಜ್ವಾಳಾನೂ."

"ಖರೇ?"

"ನಿನ್ನಾಣಿ."

"ಹಂಗಾದ್ರ..." ಅಂದಳು, ನಿಲ್ಲಿಸಿದಳು. ತುಟಿ ಕಚ್ಚಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು. "ಹಂಗಾದ್ರ ಮೊದ್ಲಿನ ಕೂಸು ನನ್ನ ಕೈಯಿಂದ ಹೋಗಿಲ್ಲೇನು?"

ಅಷ್ಟು ದಿನ ಈ ಮಾತನ್ನು ಒಬ್ಬಳೇ ಹೊತ್ತುಕೊಂಡು ಕೂಲಿಗೆ ಹೋಗಿದ್ದಳು, ರೊಟ್ಟಿ ಬಡಿದಿದ್ದಳು, ಮಲಗಿ ಎದ್ದಿದ್ದಳು. "ಇಲ್ಲಕ್ಕಾ," ಅಂದೆ, ಬಾಗಿಲಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ. "ನಿನ್ನ ಕೈಯಿಂದ ಹೋಗಿಲ್ಲ. ಯಾರ ಕೈಯಿಂದನೂ ಹೋಗಿಲ್ಲ."

ಅಕ್ಕ ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು. ಬದನೆಕಾಯಿ ಎತ್ತಿ ನನ್ನ ಸೆರಗಿಗೆ ಹಾಕಿದಳು. ಹೀರೆಕಾಯಿ ಹಾಕಿದಳು. ಬೆಂಡೆ, ಚವಳಿಕಾಯಿ. ಆಮೇಲೆ ಬೊಗಸೆಯಲ್ಲಿ ಅಕ್ಕಿ ತೆಗೆದು ಸುರಿದಳು, ಕೈ ನನ್ನ ಹೊಟ್ಟೆಗೆ ತಾಗಿತು, ಈ ಸಲ ಹಿಂದೆ ಸರಿಯಲಿಲ್ಲ. ಮತ್ತೊಂದು ಬೊಗಸೆ ಸುರಿದಳು. ಇನ್ನೊಂದು, ಮತ್ತೂ ಒಂದು. ಅಳುತ್ತಲೇ ಸುರಿಯುತ್ತಿದ್ದಳು. ಸೆರಗು ತುಂಬಿ ಅಕ್ಕಿ ನೆಲಕ್ಕೆ ಚೆಲ್ಲತೊಡಗಿತು.

"ಸಾಕ ಬಿಡ ಬೇ," ಅಂದಳು ಬಾಗಿಲಿನಿಂದ ಚಿಕ್ಕವ್ವ. "ಶಾಸ್ತ್ರಕ್ಕ ಐದ ಹಿಡಿ ಸಾಕು."

ಅಕ್ಕ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ನನ್ನ ತಂಗಿ ಉಡಿ, ನಾ ತುಂಬಾಕತ್ತೀನಿ," ಅಂದಳು. "ನೀ ಸುಮ್ಕ ನಿಂದ್ರು."